ರೀವ ಧುಮುಕೋದು, ನೀರೊಳಗಿನ ಮೀನು: ನೇತ್ರಾಣಿಗೆ ಹೋಗೂಕಿಂತ ಮೊದ್ಲು ತಯಾರಿ ಹೆಂಗ?

ಗಂಗಾವತಿ_ಗದ್ದಿಬಯಲು

ನಮಸ್ಕಾರ್ರಿ ಎಲ್ಲಾರಿಗೂ. ಡಿಸೆಂಬರ್ ಕೊನೀ ವಾರ ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದಾಗ ಎರಡು ಸ್ಕೂಬಾ ಡೈವ್ ಬುಕ್ ಆಗ್ಯಾವ. ಓಪನ್ ವಾಟರ್ ಕಾರ್ಡ್ (ಡೈವಿಂಗಿನ ಮೊದಲ ಹಂತದ ಸರ್ಟಿಫಿಕೇಟ್) ಐತಿ, ನೀರಾಗ ಕ್ಯಾಮೆರಾ ಮಾತ್ರ ಒಮ್ಮೆನೂ ಒಯ್ದಿಲ್ಲ. ಕೈಯಾಗಿರೋ ಸಾಮಾನು: ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಸಣ್ಣ ಸೆನ್ಸರಿನ) ಮಿರರ್‌ಲೆಸ್ ಬಾಡಿ, 18-55 ಕಿಟ್ ಲೆನ್ಸ್, 100-400 ಜೂಮ್.

ಎರಡು ನಮೂನಿ ಫೋಟೊ ಬೇಕು. ದೋಣಿ ಮ್ಯಾಲಿಂದ ಕಡಲ ರೀವ (ಟರ್ನ್ ಹಕ್ಕಿ) ನೀರಿಗೆ ಧುಮುಕೋದು, ಮತ್ತ ಕೆಳಗಿನ ಹವಳ, ಮೀನು. ಟಿಬಿ (ತುಂಗಭದ್ರಾ) ಡ್ಯಾಂ ಹಿನ್ನೀರಿನ್ಯಾಗ ನದಿ ರೀವದ ಮ್ಯಾಲೆ ಕೈ ಪಳಗಿಸಾಕ ನೋಡಿದ್ರ ಹತ್ತರಾಗ ಒಂಬತ್ತು ಫ್ರೇಮಿಗೆ ಫೋಕಸ್ ಹಿಂದಿನ ನೀರಿಗೆ ಹೋಗಿರ್ತೈತಿ. ಉಳಿದ ಒಂದರಾಗ ಹಕ್ಕಿ ಇರಂಗಿಲ್ಲ, ನೀರು ಚಿಮ್ಮಿದ್ದಷ್ಟ ಇರ್ತೈತಿ.

ಕೇಳೋದು ಇಷ್ಟು. ಧುಮುಕೋ ಹಕ್ಕಿಗೆ ಸೆಟ್ಟಿಂಗ್ ಏನು, ಎಲ್ಲಿ ನಿಲ್ಲಬೇಕು? ಮಿರರ್‌ಲೆಸ್‌ಗೆ ಹೌಸಿಂಗ್ (ಒಳಗ ನೀರು ಹೋಗದಂಥ ಗಟ್ಟಿ ಡಬ್ಬಿ) ತಗೊಳ್ಳೋದು ಚಲೋನೋ, ವಾಟರ್‌ಪ್ರೂಫ್ ಕಾಂಪ್ಯಾಕ್ಟ್ ಸಾಕೋ? ಹೌಸಿಂಗಿನ್ಯಾಗ ನೀರು ಹೋಗೋದು ಯಾಕ, ತಡೆಯೋದು ಹೆಂಗ? ಎಡದಂಡೆ ಕಾಲುವಿಯೊಳಗ ಇಳದು ಪ್ರ್ಯಾಕ್ಟೀಸ್ ಮಾಡಬಹುದಾ?

ಮುನಿರಾಬಾದ್_ಮಿಂಚುಳ್ಳಿ

ಹಕ್ಕಿ ಪ್ರಶ್ನೆಗೆ ಅಷ್ಟ ಉತ್ತರ ಕೊಡ್ತೀನಿ, ಹೌಸಿಂಗ್ ವಿಚಾರ ಬಲ್ಲವರು ಬರ್ತಾರ.

ಫೋಕಸ್ ಹಿಂದಕ್ಕ ಜಾರೋದು ಹೆಚ್ಚಾಗಿ ನಿಂತ ಜಾಗದಿಂದ. ಏರಿ ಮ್ಯಾಲೆ ನಿಂತು ಕೆಳಮುಖ ಹಿಡಿದ್ರ ಹಕ್ಕಿ ಹಿಂದಿನ ನೀರು ಅದರಿಂದ ಬರೇ ಐದಾರು ಮೀಟರ್ ದೂರ. ಅಲೆ ಮ್ಯಾಲಿನ ಬಿಸಿಲು ಥಳಥಳ ಅಂತಿರ್ತೈತಿ. ಕ್ಯಾಮೆರಾಕ್ಕ ಬೇಕಾಗಿದ್ದ ಕಾಂಟ್ರಾಸ್ಟ್ ಹಕ್ಕಿಗಿಂತ ಆ ನೀರಿನ್ಯಾಗ ಜಾಸ್ತಿ, ಅಲ್ಲೇ ಹೋಗಿ ಕೂಡ್ತೈತಿ. ದಂಡಿಗೆ ಇಳದು ಮಣಕಾಲೂರಿ ಕುಂತ್ರಿ ಅಂದ್ರ ಹಿಂದಿನ ನೀರು ನೂರಾರು ಮೀಟರ್ ಆಚಿಗೆ ಹೋಗ್ತೈತಿ, ಮಸುಕಾಗಿ ಬೀಳ್ತೈತಿ. ಅದೇ ಬಾಡಿ, ಅದೇ ಲೆನ್ಸ್, ಅರ್ಧ ತೊಂದ್ರಿ ಅಲ್ಲೇ ಮುಗೀತೈತಿ.

ಆಮ್ಯಾಲೆ ಗಾಳಿ. ರೀವ ಆಗಲಿ, ಕಪ್ಪು-ಬಿಳಿ ಮಿಂಚುಳ್ಳಿ ಆಗಲಿ, ನೀರಿನ ಮ್ಯಾಲೆ ಒಂದೇ ಕಡೆ ರೆಕ್ಕಿ ಬಡಕೋಂತ ನಿಂತಾಗ ಗಾಳಿಗೆ ಮುಖ ಕೊಟ್ಟಿರ್ತಾವ. ಗಾಳಿ ನಿಮ್ಮ ಬೆನ್ನಿಗೆ ಬಡೀತಿದ್ರ ಹಕ್ಕಿ ಮುಖ ನಿಮ್ಮ ಕಡೆ, ಎದಿಗೆ ಬಡೀತಿದ್ರ ದಿನಪೂರ್ತಿ ಬಾಲ. ನಮ್ಮ ಕಡೆ ಚಳಿಗಾಲದ ಗಾಳಿ ಮೂಡಲದಿಂದ, ಮುಂಜಾನಿ ಬಿಸಿಲೂ ಅಲ್ಲಿಂದಾನ. ಡ್ಯಾಮಿಗೆ ಹತ್ತಿರದ ಮುನಿರಾಬಾದ್ ದಂಡಿಯಿಂದ ಪಡುವಣಕ್ಕ ನೋಡಿದ್ರ ನೀರು ಎದುರಿಗೆ, ಗಾಳಿ-ಬೆಳಕು ಎರಡೂ ಬೆನ್ನಿಗೆ. ನವೆಂಬರ್‌ನಿಂದ ಫೆಬ್ರುವರಿ ತನಕ ಬೆಳಿಗ್ಗೆ ಏಳರಿಂದ ಒಂಬತ್ತೂವರಿ ಹೊತ್ತು ಬಿಡಬ್ಯಾಡ್ರಿ. ಜೂನ್ ದಾಟಿದ್ರ ಪಡುವಣ ಗಾಳಿ ಜೋರು, ಇದೇ ಜಾಗ ಕೆಲಸಕ್ಕ ಬರಂಗಿಲ್ಲ. ಡ್ಯಾಂ ಕಟ್ಟಡದ ಮ್ಯಾಲೆ, ಗೇಟ್ ಹತ್ರ ಕ್ಯಾಮೆರಾ ಎತ್ತೂಕಿಂತ ಮೊದ್ಲು ಕೇಳ್ರಿ. ಡ್ರೋನ್ ತೆಗೀಲೇಬ್ಯಾಡ್ರಿ.

ಈಗ ಲೆನ್ಸ್. 400ಕ್ಕ ಎಳದು ಹಿಡಿಯೋದೇ ಎಲ್ಲಾರೂ ಮಾಡೋ ತಪ್ಪು. ಎಪಿಎಸ್-ಸಿ ಸೆನ್ಸರಿಗೆ 400 ಹಾಕಿದ್ರ 30 ಮೀಟರ್ ದೂರದಾಗ ಫ್ರೇಮಿನ ಅಗಲ ಬರೇ 1.75 ಮೀಟರ್. ರೆಕ್ಕಿ ಬಿಚ್ಚಿದ ನದಿ ರೀವ ಅದರ ಹತ್ತಿರಹತ್ತಿರ ಅರ್ಧ ತಿಂತೈತಿ. ಅದು ತಲಿ ಕೆಳಗ ಮಾಡಿ ಬಿದ್ದ ಕ್ಷಣಕ್ಕ ಫ್ರೇಮಿನಿಂದ ಹೊರಗ. 250-300ಕ್ಕ ಇಟ್ಟುಕೊಳ್ರಿ, ಆಮ್ಯಾಲೆ ಕ್ರಾಪ್ ಮಾಡ್ರಿ. ಲೆನ್ಸಿಗೆ ಫೋಕಸ್ ಲಿಮಿಟರ್ ಇದ್ರ ಹತ್ತಿರದ ದೂರ ಬಿಟ್ಟುಬಿಡೋ ಕಡೆ ತಿರುಗಿಸ್ರಿ, ಒಮ್ಮೆ ಫೋಕಸ್ ತಪ್ಪಿದ್ರ ಲೆನ್ಸ್ ಪೂರ್ತಿ ಹಿಂದ ಮುಂದ ಓಡೋದು ತಪ್ಪತೈತಿ.

ಶಟರ್ 1/3200. ಲೆಕ್ಕ ಸರಳ: ಸೆಕೆಂಡಿಗೆ 10 ಮೀಟರಿನಂಗ ಬೀಳೋ ಹಕ್ಕಿ 1/1000ರಾಗ 1 ಸೆಂ.ಮೀ. ಸರೀತೈತಿ, ಕಣ್ಣು ಕೊಕ್ಕು ಕಲಸಿ ಹೋಗ್ತಾವ. 1/3200ಕ್ಕ 3 ಮಿ.ಮೀ. ಅಪರ್ಚರ್ ಎಫ್ 6.3 ಅಥವಾ 7.1, ಐಎಸ್‌ಒ ಆಟೊ, ಮೇಲಿನ ಮಿತಿ 3200. ಎಕ್ಸ್‌ಪೋಷರ್ ಆಟೊಗೆ ಬಿಟ್ರ ಕಪ್ಪು ನೀರು ನೋಡಿ ಕ್ಯಾಮೆರಾ ಬೆಳಕು ಏರಿಸ್ತೈತಿ, ಬಿಳಿ ಎದಿ ಸುಟ್ಟು ಹೋಗ್ತೈತಿ. ಮೈನಸ್ 0.7ರಿಂದ ಸುರು ಮಾಡ್ರಿ. ಬೆಳಕು ಒಂದೇ ಸಮ ಇದ್ರ ಬಿಳಿ ರೆಕ್ಕಿ ನೋಡಿ ಪೂರ್ತಿ ಮ್ಯಾನ್ಯುಯಲ್ ಮಾಡಿಬಿಡ್ರಿ.

ಫೋಕಸ್ ನಿರಂತರ ಮೋಡ್, ಏರಿಯಾ ನಡುವಿನ ಝೋನ್. ಪೂರ್ತಿ ಫ್ರೇಮ್ ಬ್ಯಾಡ. ಟ್ರ್ಯಾಕಿಂಗ್ ಸೆನ್ಸಿಟಿವಿಟಿ ಅಂತ ಮೆನುವಿನ್ಯಾಗ ಇರ್ತೈತಲ್ಲ, ಅದನ್ನ ನಿಧಾನದ ಕಡೆ ತಳ್ಳಿದ್ರ ಹಕ್ಕಿ ಅರೆಗಳಿಗಿ ತಪ್ಪಿದ್ರೂ ಕ್ಯಾಮೆರಾ ಹಿಂದಿನ ನೀರಿಗೆ ಹಾರಂಗಿಲ್ಲ. ಎಲೆಕ್ಟ್ರಾನಿಕ್ ಶಟರಿನ್ಯಾಗ ಬಡಿಯೋ ರೆಕ್ಕಿ ಬಾಗಿದಂಗ ಬರತೈತಿ, ಸೆನ್ಸರ್ ಓದೋ ವೇಗ ಕಡಿಮಿ ಇರೋ ಬಾಡಿಗೆ ಮೆಕ್ಯಾನಿಕಲ್ ಶಟರ್ರೇ ಚಲೋ.

ಬರ್ಸ್ಟ್ (ಬಟನ್ ಒತ್ತಿ ಹಿಡಿದು ಸರಸರ ಫ್ರೇಮ್ ತೆಗೆಯೋದು) ಯಾವಾಗ ಬಿಡಬೇಕು ಅನ್ನೋದು ಹಕ್ಕಿ ನೋಡಿ ಕಲಿಯೋ ಮಾತು. ರೀವ ಕೊಕ್ಕು ಕೆಳಗ ಮಾಡಿ ಹಾರ್ತಿದ್ರ ಬೇಟೆಗಿಳಿದೈತಿ ಅಂತ ತಿಳೀರಿ. ಗಪ್ಪಂತ ನಿಂತು ಒಂದೆರಡು ಸೆಕೆಂಡ್ ರೆಕ್ಕಿ ಬಡೀತೈತಿ. ಇಲ್ಲೇ ಬಟನ್ ಒತ್ತಿದ್ರ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ, ಬೀಳೋ ಹೊತ್ತಿಗೆ ಕ್ಯಾಮೆರಾ ಉಸಿರು ಬಿಡ್ತಿರ್ತೈತಿ. ಎಷ್ಟೋ ಸರ್ತಿ ಹಕ್ಕಿ ಮನಸ್ಸು ಬದಲಿಸಿ ಮುಂದ ಹೋಗ್ತೈತಿ ಕೂಡ. ರೆಕ್ಕಿ ಮೊಣಕೈ ಹತ್ರ ಮಡಚಿಕೊಂಡು ಬಾಲ ಮ್ಯಾಲೆದ್ದಾಗ ಒತ್ರಿ, ಅದಾದ ಮ್ಯಾಲೆ ಅದು ತಿರುಗಂಗಿಲ್ಲ. ಪ್ರೀ-ಕ್ಯಾಪ್ಚರ್ (ಬಟನ್ ಒತ್ತೂಕಿಂತ ಮೊದ್ಲಿನ ಫ್ರೇಮೂ ಉಳಿಸೋದು) ಇರೋ ಬಾಡಿಯವರಿಗೆ ಈ ಕಷ್ಟ ಕಡಿಮಿ. ನೀರಿಗೆ ಬಿದ್ದ ಮ್ಯಾಲೆ ಬಟನ್ ಬಿಡಬ್ಯಾಡ್ರಿ. ರೀವ ಪೂರ್ತಿ ಮುಳುಗಿದ್ರೂ ಒಂದೆರಡು ಸೆಕೆಂಡಿನ್ಯಾಗ ಅದೇ ಜಾಗದಿಂದ ಏಳತೈತಿ, ಬಾಯಾಗ ಮೀನಿದ್ರ ಆ ಫ್ರೇಮೇ ಚೊಲೋದು.

ನೀರಿನ ಮ್ಯಾಲೆ ಈಜಿ ಅಲ್ಲಿಂದ ಮುಳುಗೋ ನೀರುಕಾಗಿ, ಹಾವಕ್ಕಿಗೆ ಲೆಕ್ಕ ಬ್ಯಾರೆ. ನೀರುಕಾಗಿಗಳು ಹಿಂಡಾಗಿ ಒಂದೇ ದಿಕ್ಕಿಗೆ ಮೀನು ಅಟ್ಟಿಸ್ಕೋಂತ ಹೋಗ್ತಾವ. ಹಿಂದ ಬೆನ್ನತ್ತಬ್ಯಾಡ್ರಿ, ಐವತ್ತು ಮೀಟರ್ ಮುಂದ ಹೋಗಿ ಕುಂದ್ರಿ. ಹಾವಕ್ಕಿ ಮೀನನ್ನ ಕೊಕ್ಕಿನಿಂದ ಚುಚ್ಚಿ ತರತೈತಿ, ಹಂಗಾಗಿ ನುಂಗೂಕ ಅದನ್ನ ಗಾಳ್ಯಾಗ ಒಗದು ತಲಿ ಕಡೆಯಿಂದ ಹಿಡೀಬೇಕಾಗ್ತೈತಿ. ಫ್ರೇಮಿನ ಮ್ಯಾಲಿನ ಭಾಗದಾಗ ಜಾಗ ಬಿಟ್ಟು ಕಾಯ್ರಿ.

ಎರಡು ಎಚ್ಚರಿಕಿ. ನೀರು ಇಳದಂಗ ಬಯಲಾಗೋ ದಂಡಿ ಮ್ಯಾಲೆ ಒಣಗಿದಂಗ ಕಾಣತೈತಿ, ಕೆಳಗ ಹೂಳು ಮಣಕಾಲ ಮಟ ಹಿಡೀತೈತಿ. ಬಿರುಕು ಬಿಟ್ಟ ಒಣ ಮಣ್ಣು ಬಿಟ್ಟು ಆಚಿಗೆ ಕಾಲಿಡಬ್ಯಾಡ್ರಿ. ಬ್ಯಾಸಿಗ್ಯಾಗ ನಡುಗಡ್ಡಿ ಉಸುಕಿನ ಮ್ಯಾಲೆ ರೀವ ಮೊಟ್ಟಿ ಇಡ್ತಾವ, ಗೂಡು ಅಂದ್ರ ಬರೇ ಒಂದು ತಗ್ಗು. ತಾಯಿ ಕೂಡೋದು ಮೊಟ್ಟಿಗೆ ಕಾವು ಕೊಡೋದಕ್ಕಿಂತ ನೆರಳು ಕೊಡಾಕ. 40 ಡಿಗ್ರಿ ಬಿಸಿಲಿನ್ಯಾಗ ಎಬ್ಬಿಸಿದ್ರ ಮೊಟ್ಟಿ ಬೆಂದು ಹೋಗ್ತೈತಿ. ಆ ಕಾಲಕ್ಕ ನಡುಗಡ್ಡಿ ಕಡೆ ದೋಣಿ ಒಯ್ಯಲೇಬಾರ್ದು.

ರಾಯಚೂರು_ಓರಿಂಗ್

ಕಾಲುವಿ ವಿಚಾರ ಮೊದಲ ತಲಿಯಿಂದ ತೆಗೀರಿ. ಎಡದಂಡೆ ಕಾಲುವಿ ಬದಿ ಇಳಿಜಾರು, ಪಾಚಿ ಕಟ್ಟಿರ್ತದ, ಇಳದವರಿಗೆ ಹತ್ತಾಕ ಹಿಡಿಕಿ ಸಿಗಂಗಿಲ್ಲ, ಸೆಳವು ಬ್ಯಾರೆ. ಕೃಷ್ಣಾ, ತುಂಗಭದ್ರಾ ಎರಡರಾಗೂ ಮೊಸಳಿ ಅವ. ಪ್ರ್ಯಾಕ್ಟೀಸಿಗೆ ಈಜುಕೊಳ, ಅದಿಲ್ಲಂದ್ರ ಮನಿ ಮುಂದಿನ ನೀರಿನ ಡ್ರಮ್. ನಗಬ್ಯಾಡ್ರಿ, ಅರ್ಧ ಕೆಲಸ ಡ್ರಮ್ಮಿನಾಗೇ ಮುಗೀತದ. ಕೈ ಒಳಗಿಟ್ಟು, ಕಣ್ಣು ಮುಚ್ಚಿ, ಯಾವ ಬಟನ್ ಯಾವುದು ಅಂತ ಬೆರಳಿಗೆ ಗೊತ್ತಾಗೋ ತನಕ ಒತ್ತಬೇಕು. ತಳದಾಗ ಒಂದು ರೂಪಾಯಿ ನಾಣ್ಯ ಹಾಕಿ ಮ್ಯಾಕ್ರೊ ಫೋಕಸ್ ಕಲೀರಿ.

ನೀರು ಯಾಕ ಹೋಗ್ತದ ಅಂದ್ರ ಓ-ರಿಂಗಿಗೆ (ಮುಚ್ಚಳದ ಸಂದಿ ಮುಚ್ಚೋ ರಬ್ಬರ್ ಉಂಗುರಕ್ಕ) ಅಡ್ಡ ಏನೋ ಒಂದು ಬಿದ್ದಿರ್ತದ. ಒಂದು ಕೂದಲು ಸಾಕು. ನಮ್ಮ ಕಡೆ ಇನ್ನೊಂದು ಅದ, ಅರಳಿ ಎಳಿ. ನವೆಂಬರ್‌ನಿಂದ ಹತ್ತಿ ಸುಗ್ಗಿ, ಜಿನ್ನಿಂಗ್ ಗಿರಣಿ ಇರೋ ಓಣಿಯಾಗ ಗಾಳಿ ತುಂಬ ಎಳಿ ಹಾರತಿರ್ತದ, ಗ್ರೀಸ್ ಹಚ್ಚಿದ ರಿಂಗಿಗೆ ಬಂದು ಕೂಡ್ತದ. ಬಿಳಿ ಎಳಿ ಜಿಡ್ಡಿನ್ಯಾಗ ಕಣ್ಣಿಗೆ ಬೀಳಂಗಿಲ್ಲ. ಹಂಗಾಗಿ ಮಾಳಿಗಿ ಮ್ಯಾಲೆ, ಫ್ಯಾನ್ ಕೆಳಗ ಹೌಸಿಂಗ್ ಬಿಚ್ಚಬ್ಯಾಡ್ರಿ. ಹತ್ತಿ ಬಟ್ಟಿ, ಕಿವಿ ಕಡ್ಡಿ ಎರಡೂ ದೂರ ಇಡ್ರಿ. ಒರಸೂಕ ಕನ್ನಡಕದ ಮೈಕ್ರೊಫೈಬರ್ ಬಟ್ಟಿ ಸಾಕು.

ರಿಂಗ್ ತೆಗಿಯೋದು ಹಿಂಗ. ಎರಡೂ ಹೆಬ್ಬೆಟ್ಟಿಂದ ಒಂದು ಕಡೆ ದೂಡಿದ್ರ ರಿಂಗ್ ಒಂಚೂರು ಉಬ್ಬಿ ಕುಣಿಕಿಯಂಗ ಏಳತದ, ಅಲ್ಲಿ ಹಳೇ ಎಟಿಎಂ ಕಾರ್ಡಿನ ಮೂಲಿ ಹಾಕಿ ಎತ್ತಬೇಕು. ಪಿನ್ನು, ಚಾಕು ಹಾಕಿದ್ರಿ ಅಂದ್ರ ರಿಂಗ್ ಕೂಡೋ ಗಾಡಿಗೆ (ತೋಡಿಗೆ) ಗೀರು ಬೀಳ್ತದ, ಆ ಗೀರಿನ್ಯಾಗ ರಿಂಗ್ ಹೊಸಾದು ಹಾಕಿದ್ರೂ ನೀರು ಜಿನುಗತದ. ರಿಂಗನ್ನ ಎರಡು ಬೆರಳಿನ ನಡುವ ಮೆಲ್ಲಗ ಎಳೀರಿ, ಕಣ್ಣಿಗಿಂತ ಬೆರಳೇ ಚೊಲೋ ಹೇಳತದ. ಉಸುಕಿನ ಕಣ, ಸಣ್ಣ ಸೀಳು ತಟ್ಟಂತ ಗೊತ್ತಾಗ್ತದ. ಎಳದು ಉದ್ದ ಮಾಡಬ್ಯಾಡ್ರಿ. ಗಾಡಿ ಮತ್ತ ಎದುರಿನ ಮುಚ್ಚಳದ ಅಂಚು ಎರಡೂ ಒರಸ್ರಿ, ಎಲ್ಲಾರೂ ಗಾಡಿ ಒರಸತಾರ, ಎದುರಿನ ಅಂಚು ಮರೀತಾರ.

ಗ್ರೀಸ್ ಎಷ್ಟು? ಪೂರ್ತಿ ರಿಂಗಿಗೆ ಸಾಸಿವಿ ಕಾಳಿನಷ್ಟು, ದೊಡ್ಡ ಹೌಸಿಂಗಿದ್ರ ಎರಡು ಕಾಳು. ರಿಂಗ್ ಹೊಳೀಬೇಕು, ಬೆಳ್ಳಗ ಮುದ್ದಿ ಕಾಣಬಾರ್ದು. ನೀರು ತಡಿಯೋದು ಗ್ರೀಸ್ ಅಲ್ಲಾ, ಒತ್ತಿಕೊಂಡ ರಬ್ಬರ್. ಗ್ರೀಸ್ ಇರೋದು ರಿಂಗ್ ತಿರುಚದೆ ಸರಿಯಾಗಿ ಕೂಡ್ಲಿ ಅಂತ ಅಷ್ಟ. ಜಾಸ್ತಿ ಹಚ್ಚಿದ್ರ ಧೂಳು ಕರೀತದ. ಹೌಸಿಂಗ್ ಕಂಪನಿಯ ಗ್ರೀಸೇ ಬೇಕು. ಒಂದು ರಬ್ಬರಿಗೆ ಆಗೋ ಗ್ರೀಸ್ ಇನ್ನೊಂದನ್ನ ಉಬ್ಬಿಸತದ. ವ್ಯಾಸಲಿನ್, ಕೊಬ್ಬರಿ ಎಣ್ಣಿ ಮುಟ್ಟಿಸಬ್ಯಾಡ್ರಿ.

ಮೊದಲ ಸಲ ಕ್ಯಾಮೆರಾ ಹಾಕಬ್ಯಾಡ್ರಿ. ಒಳಗ ಒಂದು ಟಿಶ್ಯೂ ಪೇಪರ್ ಇಟ್ಟು ಮುಚ್ಚಿ, ಖಾಲಿ ಹೌಸಿಂಗ್ ತೇಲತದ ಅಂತ ಮ್ಯಾಲೊಂದು ಕಲ್ಲಿನ ಚೀಲ ಹೇರಿ, ಬಕೆಟ್ಟಿನಾಗ 20 ನಿಮಿಷ ಬಿಡ್ರಿ. ಪ್ರತಿ ಬಟನ್ ನೀರಾಗಿದ್ದಾಗ ಒತ್ತಬೇಕು, ಬಟನ್ ಒಳಗೂ ಸಣ್ಣ ರಿಂಗ್ ಇರ್ತಾವ. ಬಕೆಟ್ ಪರೀಕ್ಷೆ ಮಕ್ಕಳಾಟ ಅಲ್ಲ. ಕೆಳಗ ಹೋದಂಗ 10 ಮೀಟರಿಗೆ ಒಂದು ಬಾರ್‌ನಂಗ ಒತ್ತಡ ಏರಿ ಮುಚ್ಚಳಾನ ರಿಂಗಿಗೆ ಇನ್ನೂ ಒತ್ತತದ. ಮ್ಯಾಲಿನ ಒಂದು ಮೀಟರಿನ್ಯಾಗ ಆ ಸಹಾಯ ಇರಂಗಿಲ್ಲ, ಸರಿಯಾಗಿ ಕೂಡದ ರಿಂಗ್ ಸೋರೋದು ಹೆಚ್ಚಾಗಿ ಅಲ್ಲೇ. ಅದಕ್ಕ ಕ್ಯಾಮೆರಾ ಹಿಡಕೊಂಡು ದೋಣಿಯಿಂದ ಜಿಗೀಬ್ಯಾಡ್ರಿ. ಖಾಲಿ ಕೈಲೆ ಇಳೀರಿ, ದೋಣಿಯವರು ಮೆಲ್ಲಗ ಕೊಡ್ಲಿ. ಕೊಟ್ಟ ಮ್ಯಾಲೆ ಒಂದು ನಿಮಿಷ ಅಲ್ಲೇ ತಡದು, ಪೋರ್ಟ್ (ಲೆನ್ಸ್ ಮುಂದಿನ ಗಾಜು) ಕೆಳಗ ಮಾಡಿ ಗುಳ್ಳಿ ಬರತಾವೇನು ನೋಡ್ರಿ.

ವ್ಯಾಕ್ಯೂಮ್ ಪಂಪ್ ಇರೋ ಹೌಸಿಂಗ್ ಆದ್ರ ರಾತ್ರಿನ ಗಾಳಿ ಎಳದು ಹಸಿರು ದೀಪ ಬಂದ ಮ್ಯಾಲೆ ಅರ್ಧ ತಾಸು ಬಿಡ್ರಿ. ಎಸಿ ಖೋಲಿಯಾಗ 25 ಡಿಗ್ರಿಗೆ ಮುಚ್ಚಿ ಬಿಸಿಲಿನ ದೋಣಿಯಾಗ 45 ಡಿಗ್ರಿಗೆ ಇಟ್ರ ಒಳಗಿನ ಗಾಳಿ ಒತ್ತಡ ಶೇ. 7ರಷ್ಟು ಏರತದ, ಸೋರಿಕಿ ಇಲ್ಲದೇನೂ ದೀಪ ಕೆಂಪಾಗ್ತದ. ಒದ್ದಿ ಟವೆಲ್ ಹೊದಿಸಿ ನೆರಳಿಗಿಡ್ರಿ.

ಇಲ್ಲಿಂದ ಹೋಗಾಗ ಹೌಸಿಂಗ್ ಲಾಕ್ ಹಾಕಬ್ಯಾಡ್ರಿ. ನಮ್ಮ ಊರು ಸಮುದ್ರಕ್ಕಿಂತ 400-500 ಮೀಟರ್ ಎತ್ತರ. ಇಲ್ಲಿ ಬಿಗಿ ಮುಚ್ಚಿದ್ದು ಅಲ್ಲಿ ಹೊರಗಿನ ಒತ್ತಡಕ್ಕ ಹೀರಿಕೊಂಡು ಕೂಡ್ತದ, ಜಗ್ಗಿ ತೆಗಿಯೋ ಭರದಾಗ ರಿಂಗ್ ಕಿತ್ತು ಬರತದ.

ಮಬ್ಬು ಹಿಡಿಯೋದಕ್ಕೂ ಗಾಳಿನೇ ಕಾರಣ. ಕರಾವಳಿ ಗಾಳಿಯಾಗ ತೇವ ಭಾಳ. ದೋಣಿಯಾಗ ಹೌಸಿಂಗ್ ಮುಚ್ಚಿದ್ರ ಆ ತೇವ ಒಳಗ ಸಿಗತದ, ತಣ್ಣಗಿನ ನೀರಿಗೆ ಇಳದ ಹತ್ತು ನಿಮಿಷಕ್ಕ ಪೋರ್ಟ್ ಗಾಜಿನ ಒಳಮೈಗೆ ಬೆವರು ಕೂಡ್ತದ. ಬೆಳಿಗ್ಗೆ ಎಸಿ ಹಚ್ಚಿದ ಖೋಲಿಯಾಗ ಕ್ಯಾಮೆರಾ ಹಾಕಿ ಮುಚ್ಚಿರಿ, ಎರಡು ಸಿಲಿಕಾ ಜೆಲ್ ಪುಡಿಕಿ ಇಡ್ರಿ, ರಿಂಗಿನ ದಾರಿಗೆ ಬರದಂಗ. ಎರಡು ಡೈವಿನ ನಡುವ ದೋಣಿಯಾಗ ತೆಗೀಬ್ಯಾಡ್ರಿ. ಬ್ಯಾಟರಿ, ಕಾರ್ಡ್ ಎರಡೂ ಡೈವಿಗೆ ಸಾಕಾಗೋವಂಥಾದ್ದು ಇರ್ಲಿ.

ಡೈವ್ ಮುಗಿದ ಮ್ಯಾಲೆ ಉಪ್ಪು ಒಣಗಗೊಡಬಾರ್ದು. ಒದ್ದಿ ಇರೋ ಹಂಗ ಖೋಲಿಗೆ ಒಯ್ದು ಸಿಹಿ ನೀರಿನ ಬಕೆಟ್ಟಿನಾಗ ಒಂದು ತಾಸು ಮುಳುಗಿಸಿ, ಪ್ರತಿ ಬಟನ್ ಹತ್ತು ಹತ್ತು ಸಲ ಒತ್ತಿರಿ. ಮನಿಗೆ ಬಂದ ಮ್ಯಾಲೆ ಬೋರ್ ನೀರಿನ್ಯಾಗ ತೊಳೆದ್ರ ಬಟನ್ ಸಂದಿಗೆ ಬಿಳಿ ಸುಣ್ಣ ಕಟ್ಟತದ, ಕೊನೀ ತೊಳಿ ಆರ್‌ಒ ನೀರಿಂದ ಆಗ್ಲಿ. ನೆರಳಾಗ ಒಣಗಿಸ್ರಿ.

ಅಷ್ಟೆಲ್ಲಾ ಮಾಡಿನೂ ನೀರು ಹೋತು ಅಂದ್ರ ಪೋರ್ಟ್ ಕೆಳಗ ಮಾಡ್ರಿ, ನೀರು ಅಲ್ಲಿ ಶೇಖರ ಆಗಿ ಕ್ಯಾಮೆರಾ ಮ್ಯಾಲುಳೀತದ. ಆಫ್ ಮಾಡ್ರಿ. ಗಾಬರಿಯಾಗಿ ಸರ್ರಂತ ಮ್ಯಾಲೆ ಏರಬ್ಯಾಡ್ರಿ, ಕ್ಯಾಮೆರಾ ಹೋದ್ರ ಮತ್ತ ಬರತದ. ದೋಣಿಯಾಗ ಮುಖಕ್ಕ ಎದುರು ಹಿಡಿದು ತೆಗೀಬ್ಯಾಡ್ರಿ, ಉಪ್ಪು ನೀರು ಮುಟ್ಟಿದ ಲಿಥಿಯಂ ಬ್ಯಾಟರಿ ಗ್ಯಾಸ್ ಬಿಟ್ಟು ಮುಚ್ಚಳ ಸಿಡೀಬಹುದು. ಬ್ಯಾಟರಿ ಹೊರಗ ತಗದು ಬ್ಯಾರೆ ಇಡ್ರಿ. ಅಕ್ಕಿ ಡಬ್ಬಿಯಾಗ ಹೂಳೋದೆಲ್ಲ ಬ್ಯಾಡ, ಉಪ್ಪು ಅಕ್ಕಿ ತಿನ್ನಂಗಿಲ್ಲ.

ಬಳ್ಳಾರಿ_ನೀಲಿನೀರು

ಮೇಲಿನ ಇಬ್ಬರೂ ಬರೆದದ್ದು ಸರಿಯಾಗಿದೆ. ಉಳಿದದ್ದು ಹೌಸಿಂಗಾ ಕಾಂಪ್ಯಾಕ್ಟಾ ಅನ್ನೋದು. ನನ್ನ ಅಭಿಪ್ರಾಯ ಕಾಂಪ್ಯಾಕ್ಟ್, ಯಾಕಂತ ಹೇಳ್ತೀನಿ.

ನಿಮ್ಮ 100-400 ನೀರೊಳಗೆ ಯಾವ ಕೆಲಸಕ್ಕೂ ಬರಲ್ಲ. ನೀರಲ್ಲಿ ದೂರದ್ದನ್ನು ಹತ್ತಿರ ಎಳೆಯೋಕೆ ಆಗಲ್ಲ, ನಡುವಿನ ನೀರೇ ಮಸುಕು. ಮೀನಿಗೂ ಲೆನ್ಸಿಗೂ ಒಂದು ಮೀಟರಿಗಿಂತ ಕಡಿಮೆ ಇರಬೇಕು, ಅರ್ಧ ಮೀಟರ್ ಆದರೆ ಇನ್ನೂ ಒಳ್ಳೇದು. ಅಂದರೆ ಅಗಲ ಲೆನ್ಸ್ ಇಲ್ಲವೇ ಮ್ಯಾಕ್ರೊ. 18-55 ಹಾಕಬಹುದು, ಆದರೆ ಪೋರ್ಟ್ ತಕರಾರು ಮಾಡುತ್ತೆ. ಚಪ್ಪಟೆ ಗಾಜಿನ ಪೋರ್ಟಿನಲ್ಲಿ ವಕ್ರೀಭವನದಿಂದ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ, 18ರ ಅಗಲ ಕೈತಪ್ಪಿ 24ರಷ್ಟಾಗುತ್ತೆ, ಅಂಚಲ್ಲಿ ಬಣ್ಣ ಒಡೆಯುತ್ತೆ. ಡೋಮ್ ಪೋರ್ಟ್ (ಗುಮ್ಮಟದಂತೆ ಉಬ್ಬಿದ ಗಾಜು) ಹಾಕಿದರೆ ಅಗಲ ಉಳಿಯುತ್ತೆ, ಆದರೆ ಡೋಮ್ ತಾನೇ ಒಂದು ಲೆನ್ಸಿನಂತೆ ವರ್ತಿಸುತ್ತೆ. ಎಷ್ಟೇ ದೂರದ ವಸ್ತುವಾದರೂ ಅದರ ಪ್ರತಿಬಿಂಬ ಡೋಮಿನ ತ್ರಿಜ್ಯದ ಮೂರರಷ್ಟು ದೂರದಲ್ಲೇ ನಿಲ್ಲುತ್ತೆ. 10 ಸೆಂ.ಮೀ. ತ್ರಿಜ್ಯದ ಡೋಮ್ ಅಂದರೆ ಗಾಜಿನಿಂದ 30 ಸೆಂ.ಮೀ. ಹತ್ತಿರ ಫೋಕಸ್ ಆಗದ ಲೆನ್ಸು ಡೋಮ್ ಹಿಂದೆ ಕುರುಡು, ಕ್ಲೋಸಪ್ ಫಿಲ್ಟರ್ ಬೇಕಾಗುತ್ತೆ. ಮೂಲೆಗಳು ಚೂಪಾಗಿ ಬರೋಕೆ ಎಫ್ 8ರಿಂದ 11 ಇಡಬೇಕು, ಆಗ ಬೆಳಕು ಸಾಲದು, ಸ್ಟ್ರೋಬ್ (ನೀರೊಳಗೆ ಬಳಸೋ ಪ್ರತ್ಯೇಕ ಫ್ಲಾಶ್) ಬೇಕು. ಹೌಸಿಂಗ್, ಡೋಮ್, ಜೂಮ್ ತಿರುಗಿಸೋ ಗೇರ್, ಸ್ಟ್ರೋಬ್, ಅದನ್ನು ಹಿಡಿಯೋ ತೋಳು ಎಲ್ಲ ಸೇರಿದರೆ ಕ್ಯಾಮೆರಾ ಬೆಲೆ ದಾಟುತ್ತೆ, ಮತ್ತೆ ಬಾಡಿ ಬದಲಿಸಿದರೆ ಹೌಸಿಂಗೂ ಬದಲು. ಎರಡು ಡೈವಿಗೆ ಇದು ಲೆಕ್ಕಕ್ಕೆ ಬರಲ್ಲ.

ಒಲಿಂಪಸ್ ಟಿಜಿ-6 ಅಥವಾ ಅದರ ಮುಂದಿನ ಟಿಜಿ-7 ನೋಡಿ. ಹೌಸಿಂಗ್ ಇಲ್ಲದೆ 15 ಮೀಟರ್ ತಡೆಯುತ್ತೆ. ಆದರೆ ಓಪನ್ ವಾಟರ್ ಮಿತಿ 18 ಮೀಟರ್, ಬರೀ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗಬೇಡಿ. ಅದರದ್ದೇ ಹೌಸಿಂಗ್ 45 ಮೀಟರಿಗೆ ಆಗುತ್ತೆ. ರಾ ಫೈಲ್ (ಬಣ್ಣ ಆಮೇಲೆ ತಿದ್ದಬಹುದಾದ ಮೂಲ ಫೈಲ್) ಬರುತ್ತೆ, ಮೈಕ್ರೊಸ್ಕೋಪ್ ಮೋಡಿನಲ್ಲಿ 1 ಸೆಂ.ಮೀ. ತನಕ ಫೋಕಸ್ ಆಗುತ್ತೆ. ಹವಳದ ಸಂದಿಯ ಚಿಕ್ಕ ಸೀಗಡಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಬಣ್ಣದ ವಿಚಾರ ಸ್ವಲ್ಪ ನಿಧಾನವಾಗಿ ಓದಿ. ನೀರು ಮೊದಲು ಕೆಂಪನ್ನು ನುಂಗುತ್ತೆ, ಐದು ಮೀಟರಿಗೇ ಬಹುಪಾಲು ಹೋಗಿರುತ್ತೆ. ಆಮೇಲೆ ಕಿತ್ತಳೆ, ಹಳದಿ. ಲೆಕ್ಕ ಹಾಕಬೇಕಾದದ್ದು ಆಳ ಒಂದನ್ನೇ ಅಲ್ಲ, ಬೆಳಕು ನಡೆದ ಒಟ್ಟು ದಾರಿ. 5 ಮೀಟರ್ ಆಳದಲ್ಲಿ 2 ಮೀಟರ್ ದೂರದ ಮೀನು ಅಂದರೆ 7 ಮೀಟರ್ ನೀರು ದಾಟಿದ ಬೆಳಕು. ಅದೇ ಮೀನಿಗೆ ಅರ್ಧ ಮೀಟರಿನಿಂದ ದೀಪ ಹಾಕಿದರೆ ಆ ದೀಪದ ಬೆಳಕು ದಾಟೋದು ಹೋಗಿ ಬಂದು ಒಂದೇ ಮೀಟರ್. ಕೆಂಪು ಇದ್ದಲ್ಲೇ ಇರುತ್ತೆ.

ದೀಪ ಇಲ್ಲದಿದ್ದರೆ ವೈಟ್ ಬ್ಯಾಲೆನ್ಸ್ ಕೈಯಾರೆ ಮಾಡಿ. ಬಿಳಿ ಸ್ಲೇಟೋ ತಳದ ಉಸುಕೋ ತೋರಿಸಿ ಸೆಟ್ ಮಾಡಿ, ಮೂರ್ನಾಲ್ಕು ಮೀಟರ್ ಇಳಿದಾಗೊಮ್ಮೆ ಮತ್ತೆ. ಹತ್ತು ಮೀಟರಿಗಿಂತ ಮೇಲೆ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ, ಸೂರ್ಯ ಬೆನ್ನಿಗಿರುವಂತೆ ಹಿಡಿದರೆ ದೀಪ ಇಲ್ಲದೆಯೂ ಒಳ್ಳೆ ಫೋಟೊ ಬರುತ್ತೆ. ಕ್ಯಾಮೆರಾದೊಳಗಿನ ಫ್ಲಾಶ್ ಮಾತ್ರ ಆಫ್ ಇರಲಿ. ಅದು ಲೆನ್ಸಿನ ಪಕ್ಕದಲ್ಲೇ ಇರೋದರಿಂದ ನಡುವಿನ ನೀರಿನ ಪ್ರತಿ ಕಣಕ್ಕೂ ಬೆಳಕು ಬಡಿದು, ಮಂಡಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ ತುಂಬುತ್ತೆ. ಹತ್ತು-ಹದಿನೈದು ಸೆಂ.ಮೀ. ಮ್ಯಾಕ್ರೊಗೆ ಡಿಫ್ಯೂಸರ್ ಹಾಕಿ ಬಳಸಬಹುದು, ಅಷ್ಟೇ.

ಮೀನಿನ ಬೆನ್ನು ಹಿಡಿದು ಈಜಬೇಡಿ. ಬಾಲದ ಫೋಟೊ ಬಿಟ್ಟು ಇನ್ನೇನೂ ಸಿಗಲ್ಲ. ಗಿಳಿಮೀನು ಹವಳ ಕೆರೆಯೋ ಜಾಗ, ಚಿಟ್ಟೆಮೀನು ಜೋಡಿಯಾಗಿ ಸುತ್ತೋ ದಾರಿ ಗುರುತಿಸಿ ಪಕ್ಕದಲ್ಲಿ ನಿಂತರೆ ಎರಡು ನಿಮಿಷಕ್ಕೆ ಅವೇ ಬರುತ್ತವೆ. ಕ್ಯಾಮೆರಾ ಮೀನಿನ ಕಣ್ಣಿನ ಮಟ್ಟಕ್ಕೆ, ಸಾಧ್ಯವಾದರೆ ಇನ್ನೂ ಕೆಳಗೆ ಇರಲಿ. ಮೇಲಿಂದ ಹಿಡಿದರೆ ಮೀನು ಹವಳದ ಗೋಜಲಲ್ಲಿ ಕಳೆದುಹೋಗುತ್ತೆ, ಕೆಳಗಿಂದ ಹಿಡಿದರೆ ಹಿಂದೆ ನೀಲಿ. ಮೊರೆ ಈಲ್ ಬಾಯಿ ತೆಗೆದು ಮುಚ್ಚೋದು ಉಸಿರಾಟಕ್ಕೆ, ಸಿಟ್ಟಿಗಲ್ಲ. ಆದರೂ ಬಿಲದ ಹತ್ತಿರ ಬೆರಳಿಡಬೇಡಿ.

ಎರಡು ಅಪಾಯ ಕ್ಯಾಮೆರಾ ಹಿಡಿದವರಿಗೇ ಬರೋದು. ಅಲುಗಾಡಬಾರದು ಅಂತ ಉಸಿರು ಬಿಗಿ ಹಿಡಿಯೋ ಅಭ್ಯಾಸ ನೆಲದ ಮೇಲೆ ಸರಿ. ನೀರಲ್ಲಿ ಬಿಗಿ ಹಿಡಿದು ಒಂದೆರಡು ಮೀಟರ್ ಮೇಲೆದ್ದರೂ ಶ್ವಾಸಕೋಶದ ಗಾಳಿ ಹಿಗ್ಗಿ ಹಾನಿ ಮಾಡುತ್ತೆ. ಉಸಿರು ಬಿಡುತ್ತಾ ಬಟನ್ ಒತ್ತಿ. ಇನ್ನೊಂದು, ಗೇಜ್ (ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸೋ ಮೀಟರ್) ಮರೆಯೋದು. ಐದು ಫ್ರೇಮಿಗೊಮ್ಮೆ ಗೇಜ್ ನೋಡಿ. ಮೊದಲ ಡೈವಿನ ಮೊದಲ ಹತ್ತು ನಿಮಿಷ ಕ್ಯಾಮೆರಾ ಕ್ಲಿಪ್ಪಿಗೆ ನೇತಾಡಲಿ, ತೇಲುವಿಕೆ ಸರಿಯಾದ ಮೇಲೆ ಕೈಗೆ ತಗೊಳ್ಳಿ. ಇಲ್ಲಾಂದ್ರೆ ಫಿನ್ ಹವಳಕ್ಕೆ ಬಡಿಯುತ್ತೆ. ಕಲ್ಲುಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿದೆ, ಒಂದು ತುಂಡು ಚೀಲಕ್ಕೆ ಹಾಕಿಕೊಂಡರೂ ಕೇಸು.

ದೋಣಿ ಮೇಲಿನ ಹಕ್ಕಿ ಬಗ್ಗೆ ನಿರೀಕ್ಷೆ ಸರಿಯಾಗಿರಲಿ. ಇಂಟರ್ನೆಟ್ಟಿನಲ್ಲಿ ಬಾಣದ ಹಾಗೆ ನೀರಿಗೆ ಬೀಳೋ ಬಿಳಿ ಹಕ್ಕಿ ಗ್ಯಾನೆಟ್, ಅದು ಸ್ಕಾಟ್ಲೆಂಡಿನ ಬಾಸ್ ರಾಕ್, ಶೆಟ್ಲೆಂಡ್ ಕಡೆಯದ್ದು. 30 ಮೀಟರ್ ಎತ್ತರದಿಂದ ಗಂಟೆಗೆ ಸುಮಾರು 85 ಕಿ.ಮೀ. ವೇಗದಲ್ಲಿ ಬೀಳುತ್ತೆ. ಮುಖ, ಎದೆಯ ಚರ್ಮದಡಿ ಗಾಳಿ ಚೀಲ ಇರೋದರಿಂದ ಪೆಟ್ಟು ತಡೆಯುತ್ತೆ. ಅಲ್ಲಿ ದೋಣಿಯವರು ಮೀನು ಎಸೆದು, ಕೋಲಿಗೆ ಕಟ್ಟಿದ ಕ್ಯಾಮೆರಾ ನೀರಲ್ಲಿಳಿಸಿ ತೆಗೆಸೋ ಫೋಟೊಗಳವು. ನೇತ್ರಾಣಿಗೆ ಹೋಗೋ ದಾರೀಲಿ ಸಿಗೋದು ಕ್ರೆಸ್ಟೆಡ್ ಟರ್ನ್, ಕಡಲಕಾಗೆ, ದ್ವೀಪದ ಹತ್ತಿರ ಬಿಳಿಹೊಟ್ಟೆಯ ಕಡಲ ಹದ್ದು. ಹದ್ದು ಧುಮುಕಲ್ಲ, ಮೇಲ್ಮೈಯಿಂದ ಉಗುರಲ್ಲಿ ಎತ್ತಿಕೊಂಡು ಹೋಗುತ್ತೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದಾರಿ, ಹೋಗುವಾಗಲೇ ಹಕ್ಕಿ ಮುಗಿಸಿ. ವಾಪಸ್ ಬರುವಾಗ ಒದ್ದೆ ಕೈ, ಉಪ್ಪು ಮೈ, 100-400 ಮುಟ್ಟಬಾರದು. ದೋಣಿ ಅಂಚಿಗೆ ಮೊಣಕೈ ಊರಬೇಡಿ, ಇಂಜಿನ್ ನಡುಕ ನೇರ ಲೆನ್ಸಿಗೆ ಬರುತ್ತೆ. ಮೊಣಕಾಲೂರಿ, ಮೈಯನ್ನೇ ಸ್ಪ್ರಿಂಗ್ ಮಾಡಿಕೊಂಡು ಹಿಡೀರಿ.

ಡೈವ್ ಮುಗಿಸಿ ಅವತ್ತೇ ಗಂಗಾವತಿಗೆ ಗಾಡಿ ಹೊಡೆಯೋ ಯೋಚನೆ ಇದ್ದರೆ ಬಿಡಿ. ಅಂಕೋಲಾ ದಾಟಿ ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ, ಹುಬ್ಬಳ್ಳಿ ಎಲ್ಲ 500 ಮೀಟರಿಗಿಂತ ಎತ್ತರ. ರಕ್ತದಲ್ಲಿ ಇನ್ನೂ ನೈಟ್ರೋಜನ್ ಉಳಿದಿರೋವಾಗ ಹೊರಗಿನ ಒತ್ತಡ ಇಳಿಯೋದು ಒಳ್ಳೇದಲ್ಲ. ಎರಡು ಡೈವ್ ಆದ ಮೇಲೆ ವಿಮಾನಕ್ಕೆ 18 ಗಂಟೆ ಕಾಯೋಕೆ ತರಬೇತಿಯಲ್ಲಿ ಹೇಳಿರ್ತಾರಲ್ಲ, ಘಟ್ಟಕ್ಕೂ ಒಂದು ರಾತ್ರಿ ಕೊಡಿ.

ಸಿಂಧನೂರು_ಬಿಳಿಜೋಳ

ನಡುವ ಒಂದು ಪ್ರಶ್ನಿ. ಫೋನ್ ಐಪಿ68 (ನೀರು, ಧೂಳು ತಡೆಯೋ ದರ್ಜೆ) ಅದ, ಪ್ಲಾಸ್ಟಿಕ್ ಪೌಚ್ ಹಾಕಿದ್ರ ಡೈವಿಗೆ ನಡೀತದೇನು?

ರಾಯಚೂರು_ಓರಿಂಗ್

ನಡಿಯಂಗಿಲ್ಲ. ಐಪಿ68 ಪರೀಕ್ಷೆ ಸಿಹಿ ನೀರಿಂದು, ಸುಮ್ಮನ ಇಟ್ಟ ಫೋನಿಂದು. ಉಪ್ಪು ನೀರು ಚಾರ್ಜಿಂಗ್ ತೂತಿಗೆ ಹೋದ್ರ ವಾರದಾಗ ಹಸಿರು ತುಕ್ಕು. ಪೌಚ್ ಮ್ಯಾಲೆ ತೇಲೋ ಸ್ನಾರ್ಕ್‌ಲಿಂಗಿಗೆ ಸಾಕು. ಐದಾರು ಮೀಟರ್ ಕೆಳಗ ಹೋದ್ರ ಪೌಚಿನ ಗಾಳಿ ಒತ್ತಿ ಪ್ಲಾಸ್ಟಿಕ್ ಪರದೆಗೆ ಅಂಟತದ, ಟಚ್ ತನ್ನಷ್ಟಕ್ಕ ತಾನ ಒತ್ತಿಕೋತದ.

ಗಂಗಾವತಿ_ಗದ್ದಿಬಯಲು

ಭಾಳ ಉಪಕಾರ ಆತ್ರಿ. ಟಿಜಿ ಮತ್ತ ಅದರ ಹೌಸಿಂಗ್ ಅಂತ ನಿಕ್ಕಿ ಮಾಡೀನಿ. ಒಂದ ಉಳೀತು: ವಿಡಿಯೊ ಲೈಟ್ ತಗೊಳ್ಳೋದಾ, ಸ್ಟ್ರೋಬಾ? ಎರಡರಾಗ ಒಂದಕ್ಕ ಅಷ್ಟ ರೊಕ್ಕ ಐತಿ.

ಬಳ್ಳಾರಿ_ನೀಲಿನೀರು

ಫೋಟೊನೇ ಮುಖ್ಯ ಆದರೆ ಸ್ಟ್ರೋಬ್. ಸಾವಿರದೈನೂರು ಲ್ಯೂಮೆನ್ ಲೈಟ್ ಮನೇಲಿ ಕಣ್ಣು ಕುಕ್ಕುತ್ತೆ, ಹಗಲಲ್ಲಿ ಎಂಟು ಮೀಟರ್ ಆಳದಲ್ಲಿ ಅರ್ಧ ಮೀಟರ್ ಆಚೆ ಅದು ಹಚ್ಚಿದೆಯಾ ಇಲ್ಲವಾ ಗೊತ್ತಾಗಲ್ಲ. ಸ್ಟ್ರೋಬಿನ ಮಿಂಚು ಓಡೋ ಮೀನನ್ನು ನಿಲ್ಲಿಸುತ್ತೆ ಕೂಡ. ಕ್ಯಾಮೆರಾ ಫ್ಲಾಶಿನ ಬೆಳಕು ಫೈಬರ್ ತಂತಿಯಲ್ಲಿ ಹೋಗಿ ಸ್ಟ್ರೋಬನ್ನು ಹೊಡೆಸುತ್ತೆ, ಹಾಗಾಗಿ ಈಗ ಫ್ಲಾಶ್ ಆನ್ ಇರಬೇಕು, ಅದರ ಬೆಳಕು ಮುಂದಕ್ಕೆ ಹೋಗದಂತೆ ಹೌಸಿಂಗಿನ ಕಪ್ಪು ಮುಚ್ಚಳ ಹಾಕಬೇಕು. ಐಎಸ್‌ಒ 200, ಸ್ಟ್ರೋಬ್ ಅರ್ಧ ಪವರ್, ಅಲ್ಲಿಂದ ಏರಿಸಿ ಇಳಿಸಿ. ತೋಳನ್ನು ಹೊರಕ್ಕೆ ಚಾಚಿ, ಸ್ಟ್ರೋಬ್ ಮೂತಿ ಪೋರ್ಟಿಗಿಂತ ಒಂದು ಗೇಣು ಹಿಂದೆ ಇರಲಿ, ಮೀನಿಗೆ ನೇರ ಗುರಿ ಇಡದೆ ಸ್ವಲ್ಪ ಆಚೆಗೆ ತಿರುಗಿಸಿ. ಬೆಳಕಿನ ಅಂಚಷ್ಟೇ ಮೀನಿಗೆ ತಾಗಬೇಕು, ನಡುವಿನ ನೀರು ಕತ್ತಲಲ್ಲಿ ಉಳಿದರೆ ಬಿಳಿ ಚುಕ್ಕಿ ಬರಲ್ಲ. ಡ್ರಮ್ಮಿನ ನೀರಿಗೆ ಒಂದು ಚಿಟಿಕೆ ಗೋಧಿ ಹಿಟ್ಟು ಕದಡಿ ನೋಡಿ, ತೋಳು ಎಲ್ಲಿಟ್ಟರೆ ಚುಕ್ಕಿ ಮಾಯ ಆಗುತ್ತೆ ಅಂತ ಅಲ್ಲೇ ತಿಳಿಯುತ್ತೆ.

ರಾಯಚೂರು_ಓರಿಂಗ್

ಹಿಟ್ಟು ಹಾಕಿದ ಮ್ಯಾಲೆ ಹೌಸಿಂಗ್ ತೊಳದೇ ಬಿಚ್ರಿ ಮತ್ತ. ಸ್ಟ್ರೋಬಿನ ಬ್ಯಾಟರಿ ಮುಚ್ಚಳಕ್ಕೂ ಒಂದು ಓ-ರಿಂಗ್ ಇರ್ತದ, ಅದನ್ನ ಎಲ್ಲಾರೂ ಮರೀತಾರ.